ಅರ್ಧ ಬಳ್ಳಿ

ಕುಬಿಹಾಳದ ಕುಬೇರಪ್ಪನಿಗೆ ಎರಡು ವಿಷಯದಲ್ಲಿ ಹೆಮ್ಮೆ ಜಾಸ್ತಿ. ಒಂದು ಅವನ ಮಾತು, ಇನ್ನೊಂದು ಈ ವರ್ಷ ಹಿತ್ತಲಲ್ಲಿ ಬೆಳೆದ ಕುಂಬಳಕಾಯಿ.

ಮಾತಿನ ಹೆಮ್ಮೆ ಹಳೆಯದು. ಸೋಮವಾರ ಸಂಜೆ ಊರ ಮಠದಲ್ಲಿ ಜನ ಸೇರಿದಾಗ ಎದ್ದು ನಿಂತು ಮಾತಾಡುವವನು ಅವನೇ. ಲಿಂಗ ಕಟ್ಟಿಕೊಂಡವರಿಗೆ ಸೂತಕವೇ ಇಲ್ಲ, ಹೆತ್ತ ಮನೆ ಮೈಲಿಗೆಯಲ್ಲ, ಸತ್ತ ಮನೆ ಮೈಲಿಗೆಯಲ್ಲ, ಮುಟ್ಟಾದ ಹೆಂಗಸೂ ಮೈಲಿಗೆಯಲ್ಲ ಎಂದು ಅವನು ಗಟ್ಟಿಯಾಗಿ ಹೇಳುವಾಗ ಹೆಂಗಸರು ಸೆರಗಿನಲ್ಲಿ ನಗು ಮುಚ್ಚಿಕೊಳ್ಳುತ್ತಿದ್ದರು. ಗಂಡಸರು ಹೌದು ಹೌದು ಎಂದು ತಲೆಯಾಡಿಸಿ, ಮನೆಗೆ ಹೋಗಿ ಮೊದಲಿನ ಹಾಗೇ ಇರುತ್ತಿದ್ದರು. ಆದರೆ ಕುಬೇರಪ್ಪನ ಮನೆಯಲ್ಲಿ ಮಾತ್ರ ಯಾವ ಹೆಂಗಸೂ ಯಾವ ದಿನವೂ ಹೊರಗೆ ಕೂತದ್ದಿಲ್ಲ. ಇಷ್ಟನ್ನು ಅವನ ಪಾಲಿಗೆ ಒಪ್ಪಿಕೊಳ್ಳಲೇಬೇಕು. ಒಪ್ಪಿಕೊಂಡರೆ ಮುಂದಿನದು ಇನ್ನೂ ಕೆಟ್ಟದಾಗಿ ಕಾಣುತ್ತದೆ, ಅದು ಬೇರೆ ಮಾತು.

ಕುಂಬಳದ ಹೆಮ್ಮೆ ಹೊಸದು. ಮೊಬೈಲಿನಲ್ಲಿ ಯಾವುದೋ ದೇಶದವರು ಕ್ರೇನು ಹಚ್ಚಿ ಕುಂಬಳಕಾಯಿ ಎತ್ತುವುದನ್ನು ನೋಡಿದ್ದೇ ತಡ, ಅವನಿಗೆ ಹುಚ್ಚು ಹಿಡಿಯಿತು. ಬೀಜ ತರಿಸಿದ. ಹಿತ್ತಲಲ್ಲಿ ದೊಡ್ಡ ಗುಂಡಿ ತೆಗೆಸಿ, ಎರೆಮಣ್ಣಿಗೆ ತಿಪ್ಪೆಗೊಬ್ಬರ ಕಲಸಿ ತುಂಬಿಸಿದ. ಮುಂಗಾರು ಹಿಡಿಯುವ ಹೊತ್ತಿಗೆ ಸಸಿ ನಾಲ್ಕು ಎಲೆ ಬಿಟ್ಟಿತ್ತು. ಧಾರವಾಡದ ಕೃಷಿ ಮೇಳಕ್ಕೆ ಒಯ್ಯಬೇಕು, ಅಲ್ಲಿ ಜನ ನಿಂತು ನೋಡಬೇಕು, ಬೆಳೆದವರು ಯಾರು ಎಂದು ಕೇಳಬೇಕು. ಆಸೆ ಇಷ್ಟೇ.

ಈ ಹುಚ್ಚಿಗೆ ಜೊತೆಯಾದವಳು ಸೊಸೆ ಸೌಂದರ್ಯಾ. ಶಲವಡಿಯ ಹುಡುಗಿ, ಮದುವೆಯಾಗಿ ಬಂದು ವರ್ಷ ದಾಟಿತ್ತು. ಗಂಡ ಕಾಶಿನಾಥ ಬೆಳಗಿನ ಬಸ್ಸಿಗೆ ಹುಬ್ಬಳ್ಳಿಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆಗೆ. ಮೊದಲ ಮಿಡಿ ಕಂಡ ದಿನ ಅವಳು ಖುಷಿಯಿಂದ ಮಾವನನ್ನು ಕರೆದು, ಬೆರಳು ಮಡಚಿದ ಮುಷ್ಟಿಯಿಂದ ಅದರತ್ತ ಕೈ ಮಾಡಿದಳು. ಬೆರಳು ಚಾಚಿ ತೋರಿಸಿದರೆ ಮಿಡಿ ಕೊಳೆತು ಬೀಳುತ್ತದೆ ಎನ್ನುವುದು ನಮ್ಮ ಕಡೆ ಕೂಸಿಗೂ ಗೊತ್ತು.

"ಬೆರಳ ಚಾಚಿ ತೋರಸವಾ," ಎಂದ ಕುಬೇರಪ್ಪ.

"ಬ್ಯಾಡ್ರಿ ಮಾವಾರ, ಕೊಳತ ಹೋಗತೈತಿ."

"ನಮ್ಮ ಮನ್ಯಾಗ ಅವೆಲ್ಲಾ ನಡ್ಯಂಗಿಲ್ಲ. ನೆಟ್ಟಗ ತೋರಸು."

ಸೌಂದರ್ಯಾ ಹೆದರುತ್ತಲೇ ಬೆರಳು ಚಾಚಿದಳು. ಮಿಡಿ ಕೊಳೆಯಲಿಲ್ಲ. ನಾಲ್ಕು ದಿನಕ್ಕೆ ಮುಷ್ಟಿಯಷ್ಟಿದ್ದದ್ದು ತಂಬಿಗೆಯಷ್ಟಾಯಿತು. ಅವತ್ತಿನಿಂದ ಮಾವ ಸೊಸೆ ಜೋಡಿಯಾಗಿಬಿಟ್ಟರು.

ದೊಡ್ಡ ಕಾಯಿ ಬೇಕೆಂದರೆ ಬಳ್ಳಿಯನ್ನು ಅದರ ಪಾಡಿಗೆ ಬಿಡುವಂತಿಲ್ಲ. ಬುಡದಿಂದ ನೆಟ್ಟಗೆ ಹೋಗುವುದು ತಾಯಿಬಳ್ಳಿ, ಕಾಯಿ ನಿಲ್ಲುವುದು ಅದರ ಮೇಲೆ. ಅದರ ಎಡಬಲಕ್ಕೆ ಹೊರಡುವವು ಮಕ್ಕಳು. ಅವನ್ನು ಒಂದಳತೆಗೆ ಬೆಳೆಯಲು ಬಿಟ್ಟು ತುದಿ ಚಿವುಟಬೇಕು. ಮಕ್ಕಳಿಗೆ ಹುಟ್ಟುವ ಮೊಮ್ಮಕ್ಕಳನ್ನು ಮಾತ್ರ ಕಂಡ ಕಂಡಲ್ಲಿ ಕತ್ತರಿಸಬೇಕು, ಇಲ್ಲದಿದ್ದರೆ ಕಾಯಿಗೆ ಸೇರಬೇಕಾದ ಸತ್ವವನ್ನೆಲ್ಲ ಅವೇ ತಿಂದುಹಾಕುತ್ತವೆ. ತಾಯಿಯೊಂದು, ಕಾಯಿಯೊಂದು. ಕತ್ತರಿಯ ಕೆಲಸ ಕುಬೇರಪ್ಪನದು. ಸೌಂದರ್ಯಾ ಹಿಡಿದದ್ದು ಮಣ್ಣಿನ ಕೆಲಸ: ಬಳ್ಳಿಯ ಒಂದೊಂದು ಗಣ್ಣನ್ನೂ ನೆಲಕ್ಕೆ ಒತ್ತಿ, ಮೇಲೆ ಬೊಗಸೆ ಮಣ್ಣು ಹಾಕಿ, ನೀರು ಚಿಮುಕಿಸುವುದು. ಮುಚ್ಚಿದ ಗಣ್ಣು ಅಲ್ಲೇ ಬೇರು ಬಿಟ್ಟು ಕಾಯಿಗೆ ಇನ್ನೊಂದು ಬಾಯಿಯಾಗುತ್ತದೆ. ಬೇಸರದ ಕೆಲಸ, ಕುಕ್ಕರಗಾಲಲ್ಲಿ ಕೂತು ಮಾಡಬೇಕು, ಮಾಡಿದ್ದು ಯಾರ ಕಣ್ಣಿಗೂ ಕಾಣುವುದಿಲ್ಲ.

"ನನ್ನ ಮನ್ಯಾಗ ಒಂದ ಮೊಮ್ಮಗು ಇಲ್ಲ, ನೀವಿಬ್ಬರು ದಿನಾ ಕುಂತ ಮೊಮ್ಮಕ್ಕಳನ್ನ ಕತ್ತರಸ್ತೀರಿ," ಎಂದು ಹೆಂಡತಿ ಮಲ್ಲಕ್ಕ ಬಾಗಿಲಲ್ಲಿ ನಿಂತು ಚೇಷ್ಟೆ ಮಾಡುತ್ತಿದ್ದಳು. ಕುಬೇರಪ್ಪ ಜೋರಾಗಿ ನಗುತ್ತಿದ್ದ. ಸೌಂದರ್ಯಾ ಮೊದಮೊದಲು ನಗುತ್ತಿದ್ದಳು, ಆಮೇಲೆ ಮಣ್ಣು ನೋಡುತ್ತಿದ್ದಳು. ಅದನ್ನು ಕಂಡು ಮಲ್ಲಕ್ಕ ಆ ಮಾತು ಬಿಟ್ಟಳು.

ಶ್ರಾವಣದ ಹೊತ್ತಿಗೆ ಕಾಯಿಯನ್ನು ಒಬ್ಬ ತಬ್ಬಿದರೆ ಕೈಗೆ ಕೈ ಸೇರದಂತಾಯಿತು. ಎಲೆಗಳು ಮೊರದಗಲ ಹರಡಿ ಕೆಳಗೇನಿದೆ ಎಂದೇ ಕಾಣದಾಯಿತು. ಸೌಂದರ್ಯಾ ಹಳೆಯ ಕೆಂಪು ಕುಬಸ ಹರಿದು, ಬುಡದಿಂದ ಕಾಯಿಯವರೆಗೆ ತಾಯಿಬಳ್ಳಿಗೆ ಅಲ್ಲಲ್ಲಿ ಚಿಂದಿ ಕಟ್ಟಿದಳು. "ಕಣ್ಣ ಮಂಜಾದ್ರೂ ಚಾಳೀಸು ನೀವು ಹಾಕ್ಕೊಳ್ಳಂಗಿಲ್ಲ ಮಾವಾರ. ಕೆಂಪಂದು ಕಂಡಲ್ಲಿ ಕತ್ತರಿ ಹಚ್ಚಬ್ಯಾಡ್ರಿ, ಅಷ್ಟ," ಎಂದಳು.

ಒಳ್ಳೆಯ ಉಪಾಯ. ಎರಡೇ ದಿನ ಇತ್ತು. ಕಾಯಿ ನೋಡಲು ಬಂದ ನೆರೆಮನೆಯ ಗಂಗಪ್ಪ ಚಿಂದಿಗಳನ್ನು ನೋಡಿ ಕಣ್ಣು ಮಿಟುಕಿಸಿದ. "ಏನ ಕುಬೇರಣ್ಣ, ಸೋಮವಾರ ಒಂದ ಮಾತು, ಹಿತ್ತಲದಾಗ ಒಂದ ಮಾತು? ದೃಷ್ಟಿ ಆಗಬಾರದಂತ ಚಿಂದಿ ಕಟ್ಟೀಯಲ್ಲ!"

ಅದಲ್ಲಪ್ಪ, ಇದು ಗುರುತಿಗೆ ಎಂದು ಕುಬೇರಪ್ಪ ಹೇಳಬಹುದಿತ್ತು. ಹೇಳಿದರೆ, ತನ್ನ ಬಳ್ಳಿ ತನಗೇ ಗುರುತು ಹತ್ತುವುದಿಲ್ಲ ಎಂದಂತಾಗುತ್ತಿತ್ತು. ಗಂಗಪ್ಪ ಆ ಕಡೆ ಹೋದದ್ದೇ ಚಿಂದಿಗಳನ್ನೆಲ್ಲ ಬಿಚ್ಚಿ ಒಲೆಗೆ ಹಾಕಿದ. ಸೊಸೆ ಕೇಳಿದಾಗ, "ಜನ ತಪ್ಪ ತಿಳಕೊಂತಾರವಾ. ನನಗೇನ ಗೊತ್ತಾಗಂಗಿಲ್ಲೇನು?" ಎಂದ. ಮಂದಿ ಏನಂದುಕೊಂಡಾರು ಎಂಬ ಹೆದರಿಕೆಯೇ ಅವನ ಹಳೆಯ ರೋಗ. ಅದಕ್ಕೆ ಅವನು ಬೇರೆ ಬೇರೆ ಹೆಸರಿಟ್ಟಿದ್ದ, ಒಂದು ಹೆಸರು ತತ್ವ.

ಮೇಳ ಹತ್ತಿರ ಬಂತು. ಆ ತಿಂಗಳು ಮನೆಯಲ್ಲಿ ಇನ್ನೊಂದು ಕಾಯುವಿಕೆಯೂ ಇತ್ತು. ಸೌಂದರ್ಯಾಳ ದಿನಗಳು ಮುಂದೆ ಹೋಗಿದ್ದವು. ಯಾರೂ ಬಾಯಿಬಿಟ್ಟು ಆಡಿರಲಿಲ್ಲ, ಆದರೆ ಮಲ್ಲಕ್ಕ ಸೊಸೆಗೆ ಕೊಡ ಎತ್ತಗೊಡುತ್ತಿರಲಿಲ್ಲ. ಒಂದು ಬೆಳಿಗ್ಗೆ ಕುಬೇರಪ್ಪ ಕತ್ತರಿ ಹುಡುಕುತ್ತ ಅಡಿಗೆಮನೆಯ ಬಾಜು ನಿಂತಾಗ ಒಳಗಿನ ಮಾತು ಕೇಳಿಸಿತು.

"ಅತ್ತ್ಯಾರ, ಆತ್ರಿ..." ಸೌಂದರ್ಯಾಳ ದನಿ ಅಲ್ಲಿಗೇ ನಿಂತು ಅಳು ಶುರುವಾಯಿತು.

"ಇರ್ಲಿ ಬಿಡವಾ, ಸುಮ್ನಿರು. ಮುಂದಿನ ತಿಂಗಳ ನೋಡೂಣು," ಎಂದಳು ಮಲ್ಲಕ್ಕ.

ಕುಬೇರಪ್ಪನಿಗೆ ಸೊಸೆಯ ಮೇಲೆ ಕನಿಕರ ಬಂತು. ಗಂಡಸಾದವನು ಕೇಳಬಾರದ್ದನ್ನು ಕೇಳಿದೆ ಎಂದು, ಕಿಟಕಿಯ ಮೇಲಿದ್ದ ಕತ್ತರಿ ತೆಗೆದುಕೊಂಡು ಸದ್ದಿಲ್ಲದೆ ಹಿತ್ತಲಿಗೆ ಹೋದ. ಎಲೆಗಳ ಒಳಗೆ ಕೈ ಹಾಕಿ ಮೊಮ್ಮಕ್ಕಳನ್ನು ಕತ್ತರಿಸತೊಡಗಿದ. ಅಷ್ಟರಲ್ಲಿ ಫೋನು ಬಂತು. ಕುಂದಗೋಳದಿಂದ ಪರಿಚಯದವರು, ಮೇಳದಲ್ಲಿ ಕಾಯಿ ಇಡಲು ಜಾಗ ಸಿಕ್ಕಿದೆ, ರೈತರಿಗೆ ನಾಲ್ಕು ಮಾತು ಹೇಳಬೇಕು ಎಂದರು. ಅಲ್ಲಿಗೆ ಮುಗಿಯಿತು. ಕುಬೇರಪ್ಪ ಫೋನನ್ನು ಕಿವಿ ಹೆಗಲಿನ ನಡುವೆ ಸಿಕ್ಕಿಸಿಕೊಂಡು, ಬಳ್ಳಿಯನ್ನು ಮಕ್ಕಳಂತೆ ಸಾಕಬೇಕು, ಎಲ್ಲಿ ಕತ್ತರಿಸಬೇಕು ಎಲ್ಲಿ ಬಿಡಬೇಕು ಎಂಬ ವಿವೇಕ ಬೇಕು ಎಂದು ಶುರು ಮಾಡಿದ. ವಿವೇಕ ಎನ್ನುವಾಗಲೇ ಕತ್ತರಿಗೆ ಏನೋ ದಪ್ಪಗೆ ಸಿಕ್ಕಿತು. ಬಲ ಹಾಕಿ ಒತ್ತಿದ. ಕಟ್ ಎಂದಿತು.

ಫೋನು ಇಟ್ಟು, ಎಲೆ ಸರಿಸಿ ನೋಡಿದ. ತಾಯಿಬಳ್ಳಿ ಎರಡು ತುಂಡಾಗಿತ್ತು. ಬುಡ ಒಂದು ಕಡೆ, ಕಾಯಿ ಒಂದು ಕಡೆ. ಬುಡದ ಕಡೆಯ ತುದಿಯಿಂದ ನೀರು ತೊಟ್ಟು ತೊಟ್ಟಾಗಿ ಮಣ್ಣಿಗೆ ಬೀಳುತ್ತಿತ್ತು. ಕುಬೇರಪ್ಪ ಎರಡೂ ತುದಿಗಳನ್ನು ಹಿಡಿದು ಸೇರಿಸಿ ನೋಡಿದ, ಸೇರಿಸಿದರೆ ಕೂಡುತ್ತದೆಯೋ ಎಂಬಂತೆ. ಆಮೇಲೆ ಸುತ್ತ ನೋಡಿದ. ಯಾರೂ ಇರಲಿಲ್ಲ. ಬೊಗಸೆ ಬೊಗಸೆ ಮಣ್ಣೆಳೆದು ಕತ್ತರಿಸಿದ ಜಾಗ ಮುಚ್ಚಿಬಿಟ್ಟ.

ಸ್ನಾನ ಮಾಡಿದ ಒದ್ದೆ ಕೂದಲಲ್ಲಿ ಸೌಂದರ್ಯಾ ಚರಿಗೆ ಹಿಡಿದು ಬಂದಳು. ಕಣ್ಣು ಊದಿದ್ದವು. "ಕಾಯಿ ಬಾಜೂಕಿನ ಗಣ್ಣ ಒಂದ ಮುಚ್ಚೂದು ಉಳದಿತ್ರಿ ಮಾವಾರ," ಎಂದು ಕೂತು, ಮಣ್ಣು ಹಾಕಿ, ನೀರು ಚಿಮುಕಿಸಿದಳು. ಆಗ ಹೇಳಿದ್ದರೆ ಮುಗಿದುಹೋಗುತ್ತಿತ್ತು. ಅವಳು ಹಣೆ ಬಡಿದುಕೊಂಡು ಬೈಯುತ್ತಿದ್ದಳು, ಚಿಂದಿ ಯಾಕೆ ಬಿಚ್ಚಿದಿರಿ ಎನ್ನುತ್ತಿದ್ದಳು, ಅಳುವ ದಿನದಲ್ಲೂ ಒಂದಿಷ್ಟು ನಗುತ್ತಿದ್ದಳೇನೋ. ಕುಬೇರಪ್ಪ ಕತ್ತರಿಯನ್ನು ಪಂಚೆಗೆ ಒರೆಸಿಕೊಂಡು ಒಳಗೆ ಹೋದ.

ಮಧ್ಯಾಹ್ನದ ಬಿಸಿಲಿಗೆ ಎಲೆಗಳು ಜೋತುಬಿದ್ದವು. ಅದೇ ಹೊತ್ತಿಗೆ ಗಂಗಪ್ಪ ಮಠದ ಇಬ್ಬರು ಹಿರಿಯರನ್ನು ಕಾಯಿ ತೋರಿಸಲು ಕರೆತಂದ. ಗದ್ದಲ ಕೇಳಿ ಆಚೆಮನೆಯ ಅನ್ನಪೂರ್ಣಾ ಕೂಡ ಬೇಲಿ ದಾಟಿ ಬಂದಳು.

"ಅಯ್ಯ ಕಾಕಾ, ಇದಕ್ಕೇನಾತು? ನಿನ್ನೆ ಛಲೋ ಇತ್ತಲ್ಲ!"

ಎಲ್ಲರೂ ಕುಬೇರಪ್ಪನ ಮುಖ ನೋಡಿದರು. ಗಂಗಪ್ಪನ ತುಟಿಯಲ್ಲಿ ನಗು ತಯಾರಾಗಿ ನಿಂತಿತ್ತು. ಊರಿಗೆಲ್ಲ ಬಳ್ಳಿಯ ಪಾಠ ಹೇಳಿದವನು ತನ್ನ ಬಳ್ಳಿಯ ಕುತ್ತಿಗೆ ತಾನೇ ಕೊಯ್ದ ಎಂಬ ಸುದ್ದಿ ಸಂಜೆಯೊಳಗೆ ಕುಂದಗೋಳ ಮುಟ್ಟುತ್ತದೆ, ಮೇಳದಲ್ಲಿ ಮಾತಾಡು ಅಂದವರ ಕಿವಿಗೂ ಬೀಳುತ್ತದೆ. ಬೆಳಿಗ್ಗೆ ಕುಬೇರಪ್ಪ ಕದ್ದು ಕೇಳಿದ ಮಾತು, ಯಾವ ಮೂಲೆಯಲ್ಲಿತ್ತೋ ಏನೋ, ನಾಲಿಗೆಗೆ ಬಂದೇಬಿಟ್ಟಿತು.

"ಮುಂಜಾನೆ ನಮ್ಮ ಸೊಸಿ ಕೈ ಹಚ್ಚಿದ್ಲು," ಎಂದ. "ಆಕಿ ಇವತ್ತ ಹೊರಗಾಗ್ಯಾಳ."

ತಿರುಗಿ ನೋಡಿದರೆ ಸೌಂದರ್ಯಾ ಚಹದ ತಾಟು ಹಿಡಿದು ಹಿತ್ತಲ ಬಾಗಿಲಲ್ಲಿ ನಿಂತಿದ್ದಳು, ಹಿಂದೆ ಮಲ್ಲಕ್ಕ. ಸೌಂದರ್ಯಾ ಮಾವನನ್ನು ನೋಡಿದಳು. ಆಮೇಲೆ ಬಳ್ಳಿಯನ್ನು ಬುಡದಿಂದ ತುದಿಯವರೆಗೆ ಒಮ್ಮೆ ನೋಡಿದಳು. ತಾಟನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋದಳು.

"ಅಂದ್ರ ಈ ತಿಂಗಳೂ ಇಲ್ಲೇನ ಮಲ್ಲಕ್ಕಾ?" ಎಂದಳು ಅನ್ನಪೂರ್ಣಾ, ಅನುಕಂಪದಿಂದಲೇ, ಎಲ್ಲರಿಗೂ ಕೇಳುವ ಹಾಗೆ.

ಚಹ ಯಾರೂ ಮುಟ್ಟಲಿಲ್ಲ. ಈಗಷ್ಟೇ ಕುಡಿದು ಬಂದಿದ್ದೇವೆ ಎಂದರು ಹಿರಿಯರು, ಸೂತಕವಿಲ್ಲ ಎಂಬ ಮಾತಿಗೆ ವರ್ಷಗಟ್ಟಲೆ ತಲೆಯಾಡಿಸಿದ ಅದೇ ಹಿರಿಯರು. ಅವರು ಹೋದ ಮೇಲೆ ಕುಬೇರಪ್ಪ ಒಬ್ಬನೇ ಕಟ್ಟೆಯ ಮೇಲೆ ಕೂತು ಆರಿದ ಚಹವನ್ನು ಒಂದೊಂದೇ ಕಪ್ಪು ಎತ್ತಿ ಕುಡಿದ. ಅಷ್ಟೂ ಕಪ್ಪು ಕುಡಿದ. ನಾಚಿಕೆ ಹೊಟ್ಟೆಯಲ್ಲಿ ಹಾಗೇ ಇತ್ತು.

ಸಂಜೆ ಮಲ್ಲಕ್ಕ ರೊಟ್ಟಿ ಬಡಿಸುತ್ತ ಕೇಳಿದಳು: "ಸೋಮವಾರ ಮಠದಾಗ ಏನ ಮಾತಾಡ್ತೀರಿ?"

ಆ ಸೋಮವಾರ ಕುಬೇರಪ್ಪ ನೆಗಡಿ ಎಂದು ಹೇಳಿ ಮನೆಯಲ್ಲೇ ಉಳಿದ. ಸುದ್ದಿ ಕಾಶಿನಾಥನಿಗೂ ಮುಟ್ಟಿತ್ತು. ಅವನು ಅಪ್ಪನೊಂದಿಗೆ ಜಗಳ ಆಡಲಿಲ್ಲ, ಬಸ್ಸಿಗೆ ಹೊರಡುವಾಗ ಹೋಗಿ ಬರ್ತೀನಿ ಅನ್ನುವುದನ್ನು ಬಿಟ್ಟ.

ಬಳ್ಳಿ ಸಾಯಲಿಲ್ಲ. ಸತ್ತಿದ್ದರೆ ಅವನಿಗೆ ಎಷ್ಟೋ ಸುಖವಿರುತ್ತಿತ್ತು. ಬಿಸಿಲಿಗೆ ಬಾಡುತ್ತಿತ್ತು, ತಂಪಿಗೆ ಏಳುತ್ತಿತ್ತು, ವಾರದೊಳಗೆ ಬಿಸಿಲಿಗೂ ತಲೆ ಎತ್ತಿ ನಿಂತಿತು. ಬುಡ ಕಡಿದುಹೋದರೂ ಕಾಯಿಗೆ ನೀರು ಕುಡಿಸುತ್ತಿದ್ದವು ಸೌಂದರ್ಯಾ ಕುಕ್ಕರಗಾಲಲ್ಲಿ ಕೂತು ಮುಚ್ಚಿದ ಗಣ್ಣುಗಳ ಬೇರುಗಳು. ಇದು ಕುಬೇರಪ್ಪನಿಗೆ ಗೊತ್ತಿತ್ತು. ದಿನಾ ಹೋಗಿ ಆ ಗಣ್ಣುಗಳಿಗೆ ನೀರು ಹಾಕುವಾಗ ಒಂದೊಂದು ಎಲೆಯೂ ತನ್ನ ಮುಖವನ್ನೇ ನೋಡುತ್ತಿದೆ ಅನ್ನಿಸಿ ಬೇಗ ಬೇಗ ಮುಗಿಸಿ ಬರುತ್ತಿದ್ದ.

ಊರು ಲೆಕ್ಕ ಹಾಕಿದ್ದೇ ಬೇರೆ. ಸೊಸೆ ಕೈ ಹಚ್ಚಿದಳು, ಬಳ್ಳಿ ಬಾಡಿತು. ಸೊಸೆಯನ್ನು ದೂರ ಇಟ್ಟ, ಬಳ್ಳಿ ಚಿಗುರಿತು. ಅನ್ನಪೂರ್ಣಾ ತನ್ನ ಮಗಳನ್ನು ಆ ದಿನಗಳಲ್ಲಿ ಮಲ್ಲಿಗೆ ಬಳ್ಳಿಯ ಹತ್ತಿರ ಬಿಡುವುದನ್ನು ನಿಲ್ಲಿಸಿದಳು. ಗಂಗಪ್ಪನ ಮನೆಯಲ್ಲಿ ಹೀರೆಯ ಚಪ್ಪರಕ್ಕೆ ಹೆಂಗಸರು ಹೋಗುವುದು ನಿಂತಿತು. "ಕುಬೇರಪ್ಪನಂಥವನ ಒಪ್ಪಿಕೊಂಡ ಮ್ಯಾಲ ಇನ್ನೇನೈತಿ?" ಎನ್ನುತ್ತಿದ್ದರು. ವರ್ಷಗಟ್ಟಲೆ ಮಾತಾಡಿ ಒಂದು ಮನೆಯನ್ನೂ ತಿದ್ದಲಾಗದವನು ಒಂದೇ ಮಾತಿನಿಂದ ಊರನ್ನು ಹಿಂದಕ್ಕೆ ತಳ್ಳಿದ್ದ.

ಒಂದು ಮಧ್ಯಾಹ್ನ ಧೈರ್ಯ ಮಾಡಿ ಸೊಸೆಯನ್ನು ಕರೆದ. "ಹಿತ್ತಲಕ್ಕ ಬಾರವಾ. ಕಾಯಿ ಹೆಂಗ ಬಂದೈತಿ ನೋಡು."

"ಬ್ಯಾಡ್ರಿ ಮಾವಾರ," ಎಂದಳು ಸೌಂದರ್ಯಾ, ಜೋಳ ಹಸನು ಮಾಡುತ್ತ, ತಲೆ ಎತ್ತದೆ. "ಮತ್ತೇನರ ಆದ್ರ?"

ಅದರಲ್ಲಿ ಸಿಟ್ಟಿರಲಿಲ್ಲ, ಮರ್ಯಾದೆ ಮಾತ್ರ ಇತ್ತು. ಅವಳು ಬೈದಿದ್ದರೆ ಅವನು ಅಲ್ಲೇ ಬಾಯಿ ಬಿಡುತ್ತಿದ್ದನೇನೋ.

ಮೇಳಕ್ಕೆ ಕಾಯಿ ಒಯ್ಯುವ ಬೆಳಿಗ್ಗೆ ಟ್ರ್ಯಾಕ್ಟರ್ ಬಂತು. ಟ್ರೇಲರಿನಲ್ಲಿ ಹೊಟ್ಟು ಹರಡಿ ಕೌದಿ ಹಾಸಿದ್ದರು. ಅರ್ಧ ಓಣಿ ಹಿತ್ತಲಲ್ಲಿ ನೆರೆದಿತ್ತು. ಲಾರಿಗೆ ಹೊದಿಸುವ ತಾಡಪತ್ರಿಯನ್ನು ಕಾಯಿಯ ಕೆಳಗೆ ತೂರಿಸಿ, ನಾಲ್ಕೂ ಮೂಲೆ ಹಿಡಿದು ಎತ್ತುವುದೆಂದು ಗಂಗಪ್ಪ ಹುಕುಂ ಮಾಡುತ್ತಿದ್ದ. ತಾಡಪತ್ರಿ ತಂದುಕೊಟ್ಟವಳು ಸೌಂದರ್ಯಾ. ಅವಳು ಅಂಗಳ ದಾಟುವಷ್ಟರಲ್ಲಿ ಅನ್ನಪೂರ್ಣಾ ಕೈ ಅಡ್ಡ ಮಾಡಿದಳು.

"ಇವತ್ತ ಹೆಂಗದೀ ತಂಗಿ? ಯಾವುದಕ್ಕೂ ದೂರ ನಿಂದ್ರ. ಇಷ್ಟು ದಿನದ್ದು ಕಡೀ ಗಳಿಗ್ಯಾಗ ಕೆಡಬಾರದಲ್ಲ."

ಸೌಂದರ್ಯಾ ತಾಡಪತ್ರಿಯನ್ನು ನೆಲದ ಮೇಲಿಟ್ಟು, ಮೂರು ಹೆಜ್ಜೆ ಹಿಂದೆ ಸರಿದು, ಗೋಡೆಗೆ ಆತು ನಿಂತಳು. ಎಷ್ಟು ಸಲೀಸಾಗಿ ಸರಿದಳೆಂದರೆ, ಹುಟ್ಟಿದಾಗಿನಿಂದ ಹಾಗೇ ಸರಿಯುತ್ತ ಬಂದವಳ ಹಾಗೆ. ಈ ಮನೆಗೆ ಬಂದಾಗ ಅವಳಿಗೆ ಅದು ಗೊತ್ತಿರಲಿಲ್ಲ. ಕಲಿಸಿದವನು ತಾನು. ಕುಬೇರಪ್ಪನಿಗೆ ನಿಂತ ನೆಲ ಬೇಡವಾಯಿತು.

"ನಿಂದರ್ರಿ ಎಲ್ಲಾರೂ!" ಎಂದು ಕೂಗಿದ. ಬಳ್ಳಿಯ ನಡುವೆ ಮೊಣಕಾಲೂರಿ ಕೂತು, ಎಲೆ ಸರಿಸಿ, ಎರಡೂ ಕೈಯಿಂದ ಮಣ್ಣು ಕೆದರಿದ. ಕತ್ತರಿಸಿದ ತುದಿಗಳನ್ನು ಎತ್ತಿ ಹಿಡಿದ. "ನೋಡ್ರಿ. ಇದನ್ನ ಕತ್ತರಿಸಿದಾಂವ ನಾನು. ಅವತ್ತ ಮುಂಜಾನಿ ಫೋನಿನ್ಯಾಗ ಮಾತಾಡಕೋತ ಕತ್ತರಿಸಿದೆ. ನನ್ನ ಮರ್ಯಾದಿ ಉಳಿಸ್ಕೊಳ್ಳಾಕ ಸೊಸಿ ಮ್ಯಾಲ ಹಾಕಿದೆ. ಆಕಿದೇನೂ ತಪ್ಪಿಲ್ಲ. ಆಕಿ ಗಣ್ಣ ಮುಚ್ಚಿದ್ದಕ್ಕ ಈ ಕಾಯಿ ಉಳದೈತಿ."

ಕುಬೇರಪ್ಪನಿಗೆ ಹಗುರವೆನಿಸಿತು. ಉಗುಳಲಿ, ನಗಲಿ, ಕುಂದಗೋಳಕ್ಕೆಲ್ಲ ಸಾರಲಿ.

ಮಠದ ಹಿರಿಯರಲ್ಲಿ ಒಬ್ಬರು ಕಣ್ಣೊರೆಸಿಕೊಂಡರು. "ನೋಡ್ರಪಾ," ಎಂದರು ಸುತ್ತಲಿನವರಿಗೆ, "ಸೊಸಿಗೆ ಕೆಟ್ಟ ಹೆಸರು ಬರಬಾರದಂತ ತಪ್ಪೆಲ್ಲಾ ತನ್ನ ಮ್ಯಾಲ ಎಳಕೊಳ್ಳಾಕತ್ತಾನ. ಇಂಥಾ ಮಾವ ಎಲ್ಲಿ ಸಿಗತಾನ?"

"ಅಲ್ಲರೀ, ಖರೇನ! ನಾನ ಕತ್ತರಿಸಿದ್ದು!"

"ಆತ ಬಿಡೋ ಕುಬೇರಣ್ಣ," ಎಂದ ಗಂಗಪ್ಪ, ಹೆಗಲ ಮೇಲೆ ಕೈಯಿಟ್ಟು, ಈ ಸಲ ನಿಜವಾದ ಪ್ರೀತಿಯಿಂದ. "ಬುಡ ಕತ್ತರಿಸಿದ್ರ ಕಾಯಿ ಬದುಕತಿತ್ತೇನು? ಕಾಯಿ ಎತ್ತಾಕಂತ ಈಗ ಕತ್ತರಿಸಿದ್ದು ಅದು. ನಮಗ ತಿಳಿಯಂಗಿಲ್ಲೇನು? ದೊಡ್ಡ ಮನಶ್ಯಾ ನೀ."

ಅನ್ನಪೂರ್ಣಾ ಸೌಂದರ್ಯಾಳ ಕಡೆ ತಿರುಗಿ, "ಪುಣ್ಯಾ ಮಾಡಿದ್ದಿ ತಂಗಿ, ಇಂಥಾ ಮನೀಗೆ ಬಂದಿ," ಎಂದಳು. ಮಲ್ಲಕ್ಕ ಒಬ್ಬಳೇ ಗಂಡನ ಕೈಯಲ್ಲಿದ್ದ ಒಣಗಿದ ತುದಿಗಳನ್ನು ನೋಡಿ, ಮುಖ ತಿರುಗಿಸಿ ಒಳಗೆ ಹೋದಳು.

ಕಾಯಿ ಎದ್ದಿತು. ಹೋ ಎಂದು ಕೂಗುತ್ತ ಗಂಡಸರು ಅದನ್ನು ಸಂದಿಯಿಂದ ಬೀದಿಗೆ ಒಯ್ದರು, ಜನವೆಲ್ಲ ಅದರ ಹಿಂದೆ ಹೋಯಿತು. ಕುಬೇರಪ್ಪ ಮೊಣಕಾಲ ಮೇಲೇ ಉಳಿದಿದ್ದ. ಸೌಂದರ್ಯಾ ಗೋಡೆ ಬಿಟ್ಟು ಬಂದು ಎದುರಿಗೆ ಕೂತಳು. ಎಷ್ಟೋ ದಿನಗಳ ಮೇಲೆ ಬಳ್ಳಿಯ ಹತ್ತಿರ ಬಂದಿದ್ದಳು.

"ನೀನರ ನಂಬ್ತೀ ಇಲ್ಲೋ?" ಎಂದು ಕೇಳಿದ ಅವನು.

ಸೌಂದರ್ಯಾ ಬೆರಳು ನೆಟ್ಟಗೆ ಚಾಚಿ, ಮೊದಲು ಬುಡದ ಕಡೆ ತೋರಿಸಿದಳು, ಆಮೇಲೆ ಕಾಯಿ ಕೂತಿದ್ದ ಜಾಗದ ಕಡೆ. "ಅವತ್ತ ಈ ಕಡೆ ಎಲಿ ಒಂದೂ ಬಾಡಿದ್ದಿಲ್ರಿ. ಆ ಕಡೆ ಅಷ್ಟ ಬಾಡಿದ್ದು. ಬಾಗಲದಾಗ ನಿಂತ ನೋಡಿದ ಕೂಡ್ಲೆ ತಿಳೀತು. ನಾ ಹೊರಗಾಗಿದ್ದು ಅರ್ಧ ಬಳ್ಳಿಗಷ್ಟ ತಾಗಿತ್ತೇನ್ರಿ ಮಾವಾರ?"

ಅವನು ಒಣಗಿದ ತುದಿಗಳನ್ನು ಮಣ್ಣಿನ ಮೇಲಿಟ್ಟು ಕೇಳಿದ: "ಗೊತ್ತಿದ್ದೂ ಯಾಕ ಹೇಳಲಿಲ್ಲವಾ?"

"ನೀವು ಹೇಳ್ತೀರಂತ ಮಾಡಿದ್ದೆ. ಅವತ್ತ ಸಂಜೀಕ ಹೇಳ್ತೀರಿ, ಇಲ್ಲಂದ್ರ ಮರದಿನ ಹೇಳ್ತೀರಂತ." ಸೌಂದರ್ಯಾ ಮಣ್ಣು ಸರಿಪಡಿಸಿದಳು, ಅಭ್ಯಾಸದಿಂದ. "ಈಗ ನಾನ ಹೇಳಿದ್ರೂ ಯಾರ ನಂಬ್ತಾರ್ರಿ? ಮಾವ ಅಷ್ಟ ದೊಡ್ಡ ಮನಸ ಮಾಡ್ಯಾನ, ಸೊಸಿ ಎಂಥಾಕಿ ನೋಡು ಅಂತಾರ."

ಬೀದಿಯಿಂದ ಗಂಗಪ್ಪ ಕೂಗುತ್ತಿದ್ದ, ಕುಬೇರಣ್ಣ, ಹೊತ್ತಾತು, ಬಾ ಎಂದು. ಸೌಂದರ್ಯಾ ಎದ್ದು, ಸೀರೆಗೆ ಹತ್ತಿದ ಮಣ್ಣು ಕೊಡವಿಕೊಂಡು ಒಳಗೆ ಹೋದಳು.

ಟ್ರ್ಯಾಕ್ಟರಿನ ಹತ್ತಿರ ಹಿರಿಯರು ಹಾರ ಹಿಡಿದು ಕಾಯುತ್ತಿದ್ದರು. ಕುಂಬಳಕಾಯಿಗೆ ಒಂದು ಹಾಕಿಯಾಗಿತ್ತು, ಇನ್ನೊಂದು ಬೆಳೆದವನಿಗೆ. ಬೇಡವೆಂದರೆ ಅದೂ ದೊಡ್ಡತನವೆಂದು ಇನ್ನಷ್ಟು ಹೊಗಳುತ್ತಾರೆ ಎಂದು ಅವನಿಗೆ ಈಗ ತಿಳಿದಿತ್ತು. ಕುಬೇರಪ್ಪ ತಲೆ ತಗ್ಗಿಸಿ ಹಾಕಿಸಿಕೊಂಡ. ತಗ್ಗಿಸಿದ ತಲೆಯನ್ನು ಟ್ರ್ಯಾಕ್ಟರ್ ಊರು ದಾಟುವವರೆಗೂ ಎತ್ತಲಿಲ್ಲ. ಜನ ಅದನ್ನೂ ವಿನಯ ಎಂದುಕೊಂಡರು.